ಹಂಗಾರ ನಾ ಯಾವಾಗ ಹೇಳ್ಬೇಕಿತ್ರೀ?

ಕಳೆದ ಮಳೆಗಾಲದ ಒಂದು ಭಾನುವಾರ, ಪುಣೆಯ ನಮ್ಮ ಮನೆಯ ಊಟದ ಮೇಜಿನ ಮುಂದೆ ಕೂತು ನಾನೊಂದು ತಪ್ಪು ತೀರ್ಪು ಕೊಟ್ಟೆ. ಕೋರ್ಟು ಕಚೇರಿಯ ವಿಷಯವಲ್ಲ, ಕಾರ್ಡಿನ ಆಟದ್ದು. ತೀರ್ಪು ಕೊಡುವಾಗ ನನ್ನ ಕೈಯಲ್ಲಿ ನಿಯಮಾವಳಿಯ ಪ್ರಿಂಟ್‌ಔಟ್ ಇತ್ತು. ಬೆರಳು ಸರಿಯಾದ ಸಾಲಿನ ಮೇಲೇ ಇತ್ತು. ಓದಿದ್ದೂ ಸರಿಯಾಗಿಯೇ ಓದಿದ್ದೆ. ಆದರೂ ತೀರ್ಪು ತಪ್ಪು. ಅದು ನನಗೆ ಹೊಳೆದದ್ದು ಮೂರು ದಿನ ಬಿಟ್ಟು, ಆಫೀಸಿನ ಬಸ್ಸಿನಲ್ಲಿ. ಅಷ್ಟರಲ್ಲಿ ಆಟದಲ್ಲಿ ಸೋತ ಹುಡುಗಿ ನಮ್ಮ ವಾಟ್ಸಾಪ್ ಗುಂಪು ಬಿಟ್ಟು ಹೋಗಿದ್ದಳು.

ಇಂಥದ್ದಕ್ಕೆಲ್ಲ ಒಂದು ಪ್ರಬಂಧ ಬೇಕೆ ಎಂದು ನೀವು ಕೇಳಬಹುದು. ಬೇಕು ಎಂದು ನನ್ನ ವಾದ. ನಿಯಮವನ್ನು ಸ್ಪಷ್ಟಪಡಿಸುವುದು ಎಂದರೆ ಏನು ಎಂಬ ಬಗ್ಗೆ ನಮ್ಮಲ್ಲಿ ಬಹಳ ಜನಕ್ಕೆ, ಹತ್ತು ವರ್ಷ ಆಡಿದ ನನಗೂ, ಇದ್ದ ಕಲ್ಪನೆ ಅರ್ಧ ಮಾತ್ರ.

ಆಟದ ಹೆಸರು ನೆಟ್‌ರನ್ನರ್. 1993ರಲ್ಲಿ ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಆಟ ಮಾಡಿ, ಕಾರ್ಡು ಕೂಡಿಸಿಕೊಂಡು ಆಡುವ ಹುಚ್ಚನ್ನು ಜಗತ್ತಿಗೆ ಹಚ್ಚಿದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ಅವರೇ 1996ರಲ್ಲಿ ಮಾಡಿದ್ದು. ಆಗ ಅದು ಪೊಟ್ಟಣ ಒಡೆದರೆ ಯಾವ ಕಾರ್ಡು ಬರುತ್ತದೋ ಗೊತ್ತಿಲ್ಲದ ಜಾತಿಯ ಆಟ. ಹೆಚ್ಚು ದಿನ ಬಾಳಲಿಲ್ಲ. 2012ರಲ್ಲಿ ಫ್ಯಾಂಟಸಿ ಫ್ಲೈಟ್ ಗೇಮ್ಸ್ ಎಂಬ ಅಮೆರಿಕದ ಕಂಪನಿ ಅದನ್ನು ಲೈಸೆನ್ಸ್ ಪಡೆದು, ‘ಆಂಡ್ರಾಯ್ಡ್: ನೆಟ್‌ರನ್ನರ್’ ಎಂದು ಹೊಸ ಜನ್ಮ ಕೊಟ್ಟಿತು. ಈ ಸಲ ಯಾವ ಪೊಟ್ಟಣದಲ್ಲಿ ಯಾವ ಕಾರ್ಡಿದೆ ಎಂದು ಮೊದಲೇ ಗೊತ್ತಿರುತ್ತಿತ್ತು.

ಕಥೆ ಇಷ್ಟು. ಮುಂದೊಂದು ಕಾಲ; ಚಂದ್ರನ ಮೇಲೆ ಗಣಿ, ಭೂಮಿಯಿಂದ ಆಕಾಶಕ್ಕೆ ಲಿಫ್ಟು, ಕೂಲಿಗೆ ಕ್ಲೋನ್‌ಗಳು. ಒಬ್ಬ ಆಟಗಾರ ದೊಡ್ಡ ಕಂಪನಿ, ಅಂದರೆ ಕಾರ್ಪ್. ಇನ್ನೊಬ್ಬ ಅದರ ಕಂಪ್ಯೂಟರಿಗೆ ಕನ್ನ ಹಾಕುವ ರನ್ನರ್. ಇಬ್ಬರ ಆಟವೂ ಬೇರೆ ಬೇರೆ, ಚೆಸ್ಸಿನ ಹಾಗೆ ಎರಡೂ ಕಡೆ ಒಂದೇ ಸೈನ್ಯವಿಲ್ಲ. ಕಾರ್ಪ್ ತನ್ನ ಕಾರ್ಡುಗಳನ್ನು ಮಗುಚಿ ಇಟ್ಟು, ಬೇಕಾದಾಗ ಹಣ ಕೊಟ್ಟು ತೆರೆಯುತ್ತದೆ. ಹಾಗೆ ತೆರೆಯುವುದಕ್ಕೆ ‘ರೆಜ್’ ಎನ್ನುತ್ತಾರೆ. ಕಾರ್ಪ್ ಬಳಿ ‘ಅಜೆಂಡಾ’ ಎಂಬ ಗುಟ್ಟಿನ ಯೋಜನೆಗಳಿರುತ್ತವೆ. ಅವನ್ನು ಪೂರ್ತಿ ಮಾಡಿ 7 ಅಂಕ ಗಳಿಸಿದರೆ ಕಾರ್ಪ್‌ಗೆ ಗೆಲುವು, ಕದ್ದು 7 ಅಂಕ ಮಾಡಿದರೆ ರನ್ನರ್‌ಗೆ. ಕದಿಯಲು ರನ್ನರ್ ಕಾರ್ಪ್‌ನ ಕೈಯೊಳಗೆ, ಕಾರ್ಡಿನ ಕಟ್ಟಿನೊಳಗೆ, ಕಸದ ಬುಟ್ಟಿಯೊಳಗೆ, ಎಲ್ಲಿ ಬೇಕಾದರೂ ನುಗ್ಗಬಹುದು. ಕಸದ ಬುಟ್ಟಿಯ ಹೆಸರು ಆರ್ಕೈವ್ಸ್.

ಕೈಯಲ್ಲಿ ಐದಕ್ಕಿಂತ ಹೆಚ್ಚು ಕಾರ್ಡು ಉಳಿದರೆ ಕಾರ್ಪ್ ತನ್ನ ಸರದಿಯ ಕೊನೆಗೆ ಹೆಚ್ಚಾದದ್ದನ್ನು ಮಗುಚಿ ಆರ್ಕೈವ್ಸ್‌ಗೆ ಹಾಕಬೇಕು. ರನ್ನರ್ ಅಲ್ಲಿಗೆ ನುಗ್ಗಿದರೆ ಅಲ್ಲಿರುವುದಷ್ಟನ್ನೂ ತೆರೆದು ನೋಡುತ್ತಾನೆ. ಹಾಗಾಗಿ ಅಜೆಂಡಾವನ್ನು ಕಸದ ಬುಟ್ಟಿಗೆ ಹಾಕುವುದು ಬಂಗಾರವನ್ನು ಹಿತ್ತಲ ತಿಪ್ಪೆಯಲ್ಲಿ ಬಚ್ಚಿಟ್ಟ ಹಾಗೆ. ಇದಕ್ಕೊಂದು ಉಪಾಯವಾಗಿ 2013ರಲ್ಲಿ ಬಂದ ಕಾರ್ಡು ‘ಜಾಕ್ಸನ್ ಹೋವರ್ಡ್’. ಆ ಕಾರ್ಡನ್ನು ಆಟದಿಂದಲೇ ತೆಗೆದುಹಾಕಿದರೆ, ಆರ್ಕೈವ್ಸ್‌ನಲ್ಲಿರುವ ಮೂರು ಕಾರ್ಡಿನವರೆಗೆ ಎತ್ತಿ ಮತ್ತೆ ಕಟ್ಟಿಗೆ ಸೇರಿಸಿ ಕಲೆಸಬಹುದು. ತೆರೆಯಲು ದುಡ್ಡೂ ಬೇಡ. ರನ್ನರ್‌ನ ಸರದಿಯಲ್ಲೂ, ಅವನು ನುಗ್ಗುತ್ತಿರುವಾಗಲೂ ಮಾಡಬಹುದು. ಅಂದರೆ ಕಳ್ಳ ತಿಪ್ಪೆಗೆ ಕೈಹಾಕುವ ಗಳಿಗೆಯಲ್ಲಿ ಬಂಗಾರ ಮಾಯ. ಆ ಕಾಲದಲ್ಲಿ ಈ ಕಾರ್ಡಿಲ್ಲದ ಕಾರ್ಪ್ ಕಟ್ಟು ಸಿಗುವುದೇ ಅಪರೂಪವಾಗಿತ್ತು.

ಈಗ ಆ ಭಾನುವಾರಕ್ಕೆ ಬರೋಣ. ನಾವು ಐದಾರು ಜನ ತಿಂಗಳಿಗೆರಡು ಸಲ ಸೇರುತ್ತೇವೆ. ಹಳೆಯ ಕಾರ್ಡು ಒಂದಷ್ಟು, ಬಾಕಿಯದು ಬಣ್ಣದ ಪ್ರಿಂಟ್ ತೆಗೆಸಿ ಕವರಿಗೆ ಹಾಕಿದ್ದು. ಧಾರವಾಡದ ಕಡೆಯ ಹುಡುಗಿಯೊಬ್ಬಳು ಹೊಸದಾಗಿ ಬರತೊಡಗಿದ್ದಳು, ಅಂದು ಅವಳ ಮೂರನೆಯ ಸಲ. ಅವಳು ಕಾರ್ಪ್. ಎದುರಿಗೆ ನನ್ನ ಹಳೆಯ ಸಹೋದ್ಯೋಗಿ, ಮರಾಠಿಯವನು, ನಮ್ಮಲ್ಲೆಲ್ಲ ಚುರುಕಾದ ಆಟಗಾರ. ಅವನ ಬಳಿ 4 ಅಂಕ, ಅವಳ ಬಳಿ 5. ಅವಳ ಕೈತುಂಬ ಕಾರ್ಡು. ಸರದಿಯ ಕೊನೆಗೆ 3 ಅಂಕದ ಅಜೆಂಡಾ ಒಂದನ್ನು ಮಗುಚಿ ಆರ್ಕೈವ್ಸ್‌ಗೆ ಹಾಕಿದಳು. ಮೇಜಿನ ಮೇಲೆ ಮಗುಚಿಟ್ಟ ಒಂದು ಕಾರ್ಡಿತ್ತು, ಅದು ಜಾಕ್ಸನ್. ಮೂರನೆಯ ಸಲಕ್ಕೇ ಇಷ್ಟು ಯೋಚಿಸಿದ್ದಳು ಎನ್ನುವುದು ನನಗೆ ಗೊತ್ತಾದದ್ದು ಆಮೇಲೆ.

ಅವನು ಒಂದೇ ಉಸಿರಿನಲ್ಲಿ, ‘ಆರ್ಕೈವ್ಸ್ ರನ್, ಐಸ್ ಇಲ್ಲ, ಒಳಗೆ ಬಂದೆ, ತೆರಿ’ ಎಂದ. ಎನ್ನುತ್ತಲೇ ಅವಳ ಕಡೆಯ ಕಟ್ಟಿಗೆ ಕೈ ಚಾಚಿದ. ಐಸ್ ಎಂದರೆ ಕಾರ್ಪ್ ಅಡ್ಡ ಇಡುವ ತಡೆಗೋಡೆ. ಅವಳು, ‘ತಡ್ರೀ, ತಡ್ರೀ, ನಂದೊಂದು ಮಾಡೂದೈತಿ’ ಎಂದು ಜಾಕ್ಸನ್ ಮೇಲೆ ಕೈಯಿಟ್ಟಳು. ಅವನು ತಲೆಯಾಡಿಸಿ, ‘ರನ್ ಸಕ್ಸಸ್‌ಫುಲ್ ಆಗಿಬಿಟ್ಟಿದೆ’ ಎಂದ. ಇಬ್ಬರೂ ನನ್ನ ಮುಖ ನೋಡಿದರು. ನಮ್ಮ ಗುಂಪಿನಲ್ಲಿ ರೂಲ್ಸ್ ಮೇಷ್ಟ್ರು ನಾನು.

ನಾನು ಪ್ರಿಂಟ್‌ಔಟ್ ತೆಗೆದೆ. ರನ್ ಎನ್ನುವುದು ಹಂತ ಹಂತವಾಗಿ ನಡೆಯುತ್ತದೆ. ಸರ್ವರ್‌ನ ಬಾಗಿಲಿಗೆ ಬಂದಾಗ ಇಬ್ಬರಿಗೂ ತಮ್ಮ ತಮ್ಮ ಶಕ್ತಿ ಬಳಸಲು ಒಂದು ಅವಕಾಶ, ಆಟದ ಭಾಷೆಯಲ್ಲಿ ‘ವಿಂಡೋ’. ಅದು ಮುಗಿದ ಮೇಲೆ ರನ್ ಯಶಸ್ವಿ ಎಂಬ ಘೋಷಣೆ. ಆಮೇಲೆ ನೇರ ಕಾರ್ಡು ತೆರೆಯುವುದು. ಯಶಸ್ವಿ ಎಂದಾದ ಮೇಲೆ, ಕಾರ್ಡು ತೆರೆಯುವ ಮುಂಚೆ, ಜಾಕ್ಸನ್ ಬಳಸಲು ಅವಕಾಶವಿಲ್ಲ. ಇದು ಹೊಸಬರೆಲ್ಲ ಎಡವುವ ಜಾಗ. ನಾನು ಅದನ್ನೇ ಓದಿ, ‘ಈಗ ಆಗೋದಿಲ್ಲಮ್ಮ, ಮೊದಲೇ ಹೇಳಬೇಕಿತ್ತು’ ಎಂದೆ.

ಅವಳು ನನ್ನನ್ನೇ ನೋಡಿ ಕೇಳಿದಳು: ‘ಹಂಗಾರ ನಾ ಯಾವಾಗ ಹೇಳ್ಬೇಕಿತ್ರೀ ಅಣ್ಣಾ?’

ಸಿಟ್ಟಿನಲ್ಲಿ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಲು ಕೇಳಿದ್ದು. ನಾನು ಹಂತಗಳ ಪಟ್ಟಿ ತೋರಿಸಿ, ‘ಇಲ್ಲಿ, ಈ ವಿಂಡೋದಲ್ಲಿ’ ಎಂದೆ. ಅವಳು ಆ ಸಾಲನ್ನೇ ನೋಡುತ್ತ, ‘ಹೂಂ’ ಎಂದಳು. ಅಜೆಂಡಾ ಹೋಯಿತು, 4ಕ್ಕೆ 3 ಸೇರಿ 7 ಆಯಿತು, ಆಟ ಮುಗಿಯಿತು. ಚಹಾ ಕುಡಿದು ಹೋದಳು.

ಬಸ್ಸಿನಲ್ಲಿ ನನಗೆ ಹೊಳೆದದ್ದು ಇಷ್ಟೇ. ನಾನು ಬೆರಳಿಟ್ಟು ತೋರಿಸಿದ ಆ ಕಿಟಕಿ ಆ ದಿನ ತೆರೆದೇ ಇರಲಿಲ್ಲ. ‘ರನ್’ ಎಂಬ ಮಾತಿಗೂ ‘ತೆರಿ’ ಎಂಬ ಮಾತಿಗೂ ನಡುವೆ ಅವನು ಉಸಿರೇ ತೆಗೆದುಕೊಂಡಿರಲಿಲ್ಲ. ಇಬ್ಬರಿಗೂ ಅವಕಾಶ ಉಂಟು ಎಂದು ನಿಯಮ ಹೇಳಿದರೆ, ಒಬ್ಬನು ಅದನ್ನು ಇನ್ನೊಬ್ಬರಿಗೆ ಕೊಡದೆ ದಾಟಿಕೊಂಡು ಹೋದಾಗ ಆದದ್ದೇನು? ರನ್ ಯಶಸ್ವಿಯಾಗಲಿಲ್ಲ. ಯಶಸ್ವಿಯಾಯಿತು ಎಂದು ಅವನು ಬಾಯಲ್ಲಿ ಹೇಳಿದ, ಅಷ್ಟೇ. ನಾನು ಮಾಡಬೇಕಿದ್ದದ್ದು ಆಟವನ್ನು ಆ ಕಿಟಕಿಯ ಬಳಿಗೆ ವಾಪಸು ಒಯ್ದು, ‘ಇಲ್ಲಿ ನಿನ್ನದೇನಾದರೂ ಇದೆಯಾ?’ ಎಂದು ಕೇಳುವುದು. ಕಾರ್ಡು ಯಾವುದೂ ಇನ್ನೂ ತೆರೆದಿರಲಿಲ್ಲ, ವಾಪಸು ಹೋಗುವುದರಿಂದ ಯಾರ ಗುಟ್ಟೂ ರಟ್ಟಾಗುತ್ತಿರಲಿಲ್ಲ. ನಾನು ನಿಯಮದ ಎರಡನೆಯ ಅರ್ಧವನ್ನು ಓದಿ ಮೊದಲನೆಯ ಅರ್ಧವನ್ನು ನುಂಗಿದ್ದೆ.

ಈ ವಿಷಯದಲ್ಲಿ ಗಾರ್ಫೀಲ್ಡ್ ಅವರ ಮೊದಲ ಕೂಸು ಮ್ಯಾಜಿಕ್‌ನ ಟೂರ್ನಮೆಂಟ್ ನಿಯಮ ಬಹಳ ಚೊಕ್ಕವಾಗಿದೆ. ಆಟಗಾರರು ಹಂತಗಳನ್ನು ಹಾರಿಸಿಕೊಂಡು ಶಾರ್ಟ್‌ಕಟ್ ಹಿಡಿಯಬಹುದು, ಇಲ್ಲದಿದ್ದರೆ ಆಟ ಮುಗಿಯುವುದೇ ಇಲ್ಲ. ಆದರೆ ಆ ಶಾರ್ಟ್‌ಕಟ್ ಒಂದು ಪ್ರಸ್ತಾಪ ಮಾತ್ರ. ಎದುರಿನವರು ನಡುವೆ ನಿಲ್ಲಿಸಿ, ‘ಇಗೋ ಈ ಜಾಗದಲ್ಲಿ ನಾನು ಏನೋ ಮಾಡಬೇಕು’ ಎನ್ನಬಹುದು. ನಮ್ಮ ಮರಾಠಿ ಗೆಳೆಯ ಮಾಡಿದ್ದೂ ಪ್ರಸ್ತಾಪವೇ. ಅವಳು ನಿಲ್ಲಿಸಿದ್ದು ನ್ಯಾಯವೇ.

ಅವನು ಇದನ್ನು ಒಪ್ಪುವುದಿಲ್ಲ. ಅವನ ವಾದವನ್ನೂ ಹೇಳಬೇಕು, ಏಕೆಂದರೆ ಅದು ಕೆಲಸಕ್ಕೆ ಬಾರದ ವಾದವಲ್ಲ. ತನ್ನ ಕಾರ್ಡು ಯಾವಾಗ ಕೆಲಸ ಮಾಡುತ್ತದೆ ಎಂದು ತಿಳಿದಿರುವುದೇ ಆಟದ ಚಾತುರ್ಯದ ಒಂದು ಭಾಗ ಎನ್ನುತ್ತಾನೆ. ಚೆಸ್ಸಿನಲ್ಲಿ ಕಾಯಿ ಮುಟ್ಟಿದರೆ ನಡೆಸಲೇಬೇಕು. ‘ನನಗೆ ಗೊತ್ತಿರಲಿಲ್ಲ’ ಎಂದರೆ ಯಾರು ಕೇಳುತ್ತಾರೆ? ಹೆಜ್ಜೆ ಹೆಜ್ಜೆಗೂ ‘ಏನಾದರೂ ಇದೆಯಾ’ ಎಂದು ಕೇಳುತ್ತಾ ಹೋದರೆ ಎದುರಿನವರಿಗೆ ನಾನೇ ಸುಳಿವು ಕೊಟ್ಟ ಹಾಗೆ. ಈ ಕೊನೆಯ ಮಾತಿನಲ್ಲಿ ತಿರುಳಿದೆ. ಮಗುಚಿದ ಕಾರ್ಡಿನ ಆಟದಲ್ಲಿ ಒಂದು ಕ್ಷಣ ತಡೆದರೂ ಅದು ಮಾಹಿತಿಯೇ.

ಆದರೆ ನಾನು ಅವನಿಗೆ ಕೊಟ್ಟ ಉತ್ತರ ಕ್ರಿಕೆಟ್ಟಿನದು. ಅಪೀಲು ಮಾಡದೆ ಅಂಪೈರ್ ಔಟ್ ಕೊಡುವಂತಿಲ್ಲ, ಇದು ಎಲ್ಲರಿಗೂ ಗೊತ್ತು. ಅಪೀಲಿಗೂ ಒಂದು ಕಿಟಕಿ ಇದೆ: ಮುಂದಿನ ಎಸೆತಕ್ಕೆ ಬೌಲರ್ ಓಟ ಶುರುಮಾಡುವ ಮುಂಚೆ. ಇಲ್ಲಿ ಸೊಗಸು ನೋಡಿ. ಕಿಟಕಿಯನ್ನು ಮುಚ್ಚುವವನು ಅಪೀಲು ಮಾಡುವ ತಂಡದ ಬೌಲರನೇ ಹೊರತು ಬ್ಯಾಟ್ಸ್‌ಮನ್ ಅಲ್ಲ. ಬ್ಯಾಟ್ಸ್‌ಮನ್‌ಗೆ ಅದನ್ನು ಮುಚ್ಚುವ ಅಧಿಕಾರ ಕೊಟ್ಟಿದ್ದರೆ ಅವನು ಎಲ್‌ಬಿ ಆದಾಗಲೆಲ್ಲ ಪಟ್ಟನೆ ಗಾರ್ಡ್ ತೆಗೆದುಕೊಂಡು ‘ಮುಂದಿನ ಬಾಲ್’ ಎನ್ನುತ್ತಿದ್ದ. ನಮ್ಮ ಮೇಜಿನ ಮೇಲೆ ಆದದ್ದು ಅದೇ. ಡಿಆರ್‌ಎಸ್ ಕೇಳಲು 15 ಸೆಕೆಂಡು ಕೊಡುತ್ತಾರೆ, ಎಲ್ಲರಿಗೂ ಕಾಣುವ ಹಾಗೆ ಗಡಿಯಾರ ಓಡುತ್ತದೆ. ಅದರಿಂದ ಚಾತುರ್ಯಕ್ಕೇನೂ ಕೊರತೆ ಬಂದಿಲ್ಲ. ರಿವ್ಯೂ ಯಾವಾಗ ತೆಗೆದುಕೊಳ್ಳಬೇಕು ಎಂದು ತಿಳಿಯದ ಕ್ಯಾಪ್ಟನ್‌ಗಳು ಈಗಲೂ ಬೇಕಾದಷ್ಟಿದ್ದಾರೆ.

ಈ ಒಂದು ಕಿಟಕಿ ನೆಟ್‌ರನ್ನರ್‌ನಲ್ಲಿ ಎಷ್ಟು ಭಾರ ಹೊತ್ತಿದೆ ಎನ್ನುವುದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ‘ಅಕೌಂಟ್ ಸೈಫನ್’ ಎಂಬ ಹೆಸರುವಾಸಿ ರನ್ನರ್ ಕಾರ್ಡಿದೆ. ಕಾರ್ಪ್‌ನ ಕೈಯ ಮೇಲೆ ರನ್ ಮಾಡು; ಯಶಸ್ವಿಯಾದರೆ, ಕಾರ್ಡು ನೋಡುವುದರ ಬದಲು ಕಾರ್ಪ್‌ನ 5 ಕ್ರೆಡಿಟ್ ತನಕ ಕಳೆ, ಕಳೆದ ಪ್ರತಿ ಕ್ರೆಡಿಟ್‌ಗೆ ನೀನು ಎರಡು ಪಡೆ. ಬದಲಿಗೆ ನಿನ್ನ ಸುಳಿವು ಹತ್ತುವ ಎರಡು ಟ್ಯಾಗ್ ತೆಗೆದುಕೋ. ಇದಕ್ಕೆ ಮದ್ದಾಗಿ ‘ಕ್ರಿಸಿಯಮ್ ಗ್ರಿಡ್’ ಎಂಬ ಕಾರ್ಪ್ ಕಾರ್ಡು. ಅದಿರುವ ಸರ್ವರ್ ಮೇಲಿನ ರನ್ ಯಶಸ್ವಿ ಎಂದು ಲೆಕ್ಕಕ್ಕೆ ಬರುವುದಿಲ್ಲ, ವಿಫಲ ಎಂದೂ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ಸಲ ಓದಿದಾಗ ನಾನು ನಕ್ಕಿದ್ದೆ. ಯಶಸ್ವಿಯೂ ಅಲ್ಲ, ವಿಫಲವೂ ಅಲ್ಲ, ಇದೇನು ನರಸಿಂಹಾವತಾರವೇ ಎಂದು. ಆದರೆ ಯೋಚಿಸಿದರೆ ಲೆಕ್ಕ ಸರಿಯಾಗಿದೆ. ರನ್ನರ್ ಒಳಗೆ ಬಂದದ್ದು ನಿಜ, ಆದ್ದರಿಂದ ಕಾರ್ಡು ನೋಡುತ್ತಾನೆ. ಆದರೆ ‘ಯಶಸ್ವಿಯಾದರೆ’ ಎಂಬ ಷರತ್ತಿನ ಮೇಲೆ ನಿಂತ ಸೈಫನ್‌ಗೆ ಕಾಲಿಲ್ಲ. ಹಾಗೆಯೇ ‘ವಿಫಲವಾದರೆ’ ಎಂಬ ಷರತ್ತಿನ ಮೇಲೆ ನಿಂತ ಕಾರ್ಡಿಗೂ ಕಾಲಿಲ್ಲ. ಈ ಕ್ರಿಸಿಯಮ್ ಅನ್ನು ಕಾರ್ಪ್ ಯಾವಾಗ ತೆರೆಯಬೇಕು? ಜಾಕ್ಸನ್ ಬಳಸುವ ಅದೇ ಕಿಟಕಿಯಲ್ಲಿ, ಯಶಸ್ಸಿನ ಘೋಷಣೆಗೆ ಮುಂಚೆ. ರನ್ನರ್ ಒಂದೇ ಉಸಿರಿನಲ್ಲಿ ಓದಿಕೊಂಡು ಹೋದರೆ ಅರ್ಧ ಆಟವೇ ಮಾಯವಾಗುತ್ತದೆ.

ಇಂಥ ತೊಡಕುಗಳನ್ನು ಬಿಡಿಸುವ ಕೆಲಸ ಮೊದಲೆಲ್ಲ ಹೇಗೆ ನಡೆಯುತ್ತಿತ್ತು? ಕಂಪನಿ ಆಗಾಗ ಪ್ರಶ್ನೋತ್ತರದ ಪತ್ರಿಕೆ ಹೊರಡಿಸುತ್ತಿತ್ತು. ಅದರಲ್ಲಿಲ್ಲದ್ದನ್ನು ಆಟಗಾರರು ವಿನ್ಯಾಸಕಾರರಿಗೇ ಬರೆದು ಕೇಳುತ್ತಿದ್ದರು. ಮೊದಲು ಲೂಕಸ್ ಲಿಟ್ಜಿಂಗರ್, ಆಮೇಲೆ ಡೇಮನ್ ಸ್ಟೋನ್, ಕೊನೆಗೆ ಮೈಕಲ್ ಬಾಗ್ಸ್. ಬಂದ ಉತ್ತರಗಳನ್ನು ಅಭಿಮಾನಿಗಳು ಕಾರ್ಡುವಾರು ಕೂಡಿಸಿಟ್ಟರು. ಬಹಳ ಶ್ರದ್ಧೆಯ ಕೆಲಸ, ನಾನೂ ಅದರ ಋಣದಲ್ಲಿದ್ದೇನೆ. ಆದರೆ ಆ ಪದ್ಧತಿಯೇ ಸರಿಯಿರಲಿಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ‘ಈ ಕಾರ್ಡಿಗೆ ಈ ಕಾರ್ಡು ಎದುರಾದರೆ ಹೀಗೆ’ ಎಂಬ ಉತ್ತರ ಆ ಒಂದು ಜೋಡಿಗೆ ಮಾತ್ರ. ಕಾರಣ ಹೇಳದ ಉತ್ತರದಿಂದ ಮುಂದಿನ ಪ್ರಶ್ನೆ ಬಿಡಿಸಲಾಗದು. ಸಾವಿರ ಕಾರ್ಡಿದ್ದರೆ ಎಷ್ಟು ಜೋಡಿಯಾಗುತ್ತದೆ, ನೀವೇ ಲೆಕ್ಕ ಹಾಕಿ. ಉತ್ತರ ತಿಳಿದವನು ಮೇಜಿನ ಯಜಮಾನನಾಗುತ್ತಾನೆ, ಕಾರ್ಡನ್ನು ಸುಮ್ಮನೆ ಓದಿ ಆಡುವವಳು ಪರದೇಶಿಯಾಗುತ್ತಾಳೆ. ಊರಿನಲ್ಲಿ ಚೌಕಾಬಾರ ಆಡುವಾಗ ಅಜ್ಜಿ, ‘ನಮ್ಮನೇಲಿ ಹಿಂಗೇ’ ಎಂದು ಕಾಯಿ ಹೊಡೆದುಬಿಡುತ್ತಿದ್ದಳಲ್ಲ, ಆ ದರ್ಬಾರೇ ಇದು. ಅಜ್ಜಿಯಾದರೆ ಆಮೇಲೆ ಕೋಡುಬಳೆ ಕೊಡುತ್ತಿದ್ದಳು.

2018ರಲ್ಲಿ ಉತ್ತರ ಹೇಳುವವರೇ ಇಲ್ಲವಾದರು. ಲೈಸೆನ್ಸ್ ಮುಗಿದು, ಆ ವರ್ಷದ ಅಕ್ಟೋಬರ್‌ಗೆ ಕಂಪನಿ ಆಟದ ಮಾರಾಟ ನಿಲ್ಲಿಸಿತು. ಆಗ ಅಭಿಮಾನಿಗಳು ಸೇರಿ ನಿಸೇ ಎಂಬ ಸಂಘ ಕಟ್ಟಿ, ಹೊಸ ಕಾರ್ಡು ಮಾಡತೊಡಗಿದರು. 2022ರಲ್ಲಿ ಅದು ನಲ್ ಸಿಗ್ನಲ್ ಗೇಮ್ಸ್ ಎಂದು ಹೆಸರು ಬದಲಿಸಿಕೊಂಡಿತು. ಕಾರ್ಡುಗಳನ್ನು ಮಾರುವುದರ ಜೊತೆಗೆ ಮನೆಯಲ್ಲೇ ಪ್ರಿಂಟ್ ತೆಗೆದುಕೊಳ್ಳಲು ಉಚಿತವಾಗಿಯೂ ಕೊಡುತ್ತಾರೆ. ನಮ್ಮಂಥವರು ಆಡುತ್ತಿರುವುದು ಅದರಿಂದಲೇ. ಅವರು ಮಾಡಿದ ಎಲ್ಲಕ್ಕಿಂತ ದೊಡ್ಡ ಕೆಲಸ ಹೊಸ ಕಾರ್ಡಲ್ಲ, ಸಮಗ್ರ ನಿಯಮಾವಳಿ ಎಂದು ನನ್ನ ಅಭಿಪ್ರಾಯ. ಸೆಕ್ಷನ್, ಸಬ್‌ಸೆಕ್ಷನ್ ಸಂಖ್ಯೆ ಹಾಕಿ ಕಾನೂನಿನ ಪುಸ್ತಕದ ಹಾಗೆ ಬರೆದಿದ್ದಾರೆ. ರನ್ನನ್ನು ಆರು ಹಂತಗಳಾಗಿ ಒಡೆದು, ಯಾವ ಹಂತದಲ್ಲಿ ಯಾರಿಗೆ ಏನು ಮಾಡಲು ಅವಕಾಶ ಎಂದು ಬಿಡಿಸಿಟ್ಟಿದ್ದಾರೆ. ಓದಲು ಒಣ, ನಿಜ. ಆದರೆ ಅದರಲ್ಲಿ ಕಾರಣವಿದೆ. ಯಾರಿಗೋ ಬಂದ ಕಾಗದದ ಬಲದ ಮೇಲೆ ಅಲ್ಲ, ಎಲ್ಲರೂ ಓದಬಹುದಾದ ಸಾಲಿನ ಬಲದ ಮೇಲೆ ವಾದ ಮಾಡಬಹುದು.

ಅದಕ್ಕಿಂತ ನನಗೆ ಮೆಚ್ಚಿಗೆಯಾದದ್ದು ಕಾರ್ಡಿನ ಮೇಲೆಯೇ ಅವರು ಮಾಡಿದ ಸಣ್ಣ ಬದಲಾವಣೆ. ಬೇರೊಂದು ಘಟನೆಗೆ ಅಡ್ಡಬಂದು ಕೆಲಸ ಮಾಡುವ ಶಕ್ತಿಯಾದರೆ ಅದರ ಮುಂದೆ ‘ಇಂಟರಪ್ಟ್’ ಎಂದು ಬರೆದು ಬಾಣದ ಗುರುತು ಹಾಕುತ್ತಾರೆ. ಕಾರ್ಡು ನೋಡುವಾಗ ಮಾತ್ರ ಬಳಸಬಹುದಾದದ್ದಕ್ಕೆ ‘ಆಕ್ಸೆಸ್’ ಎಂಬ ಗುರುತು. ಎಷ್ಟೋ ಪುಟದ ವಿವರಣೆ ಒಂದು ಪದದಲ್ಲಿ ಅಡಗಿತು. ಯಾವ ಸ್ಪಷ್ಟೀಕರಣವನ್ನು ಕಾರ್ಡು ಬಿಟ್ಟು ಬೇರೆ ಕಡೆ ನೆನಪಿಡಬೇಕೋ ಅದು ಅಷ್ಟರ ಮಟ್ಟಿಗೆ ಸೋತ ಸ್ಪಷ್ಟೀಕರಣ. ಜಾಕ್ಸನ್ ಕಾರ್ಡಿನ ಮೇಲೆ ‘ಕಳ್ಳ ಬಾಗಿಲಿಗೆ ಬಂದಾಗ, ಒಳಗೆ ಕಾಲಿಡುವ ಮುಂಚೆ’ ಎಂದು ಯಾರೂ ಬರೆದಿರಲಿಲ್ಲ. ಬರೆದಿದ್ದರೆ ಈ ಪ್ರಬಂಧವೂ ಇರುತ್ತಿರಲಿಲ್ಲ.

ಮುಂಬಯಿಯ ಓದುಗರಿಗೆ ಒಂದು ಸ್ವಾರಸ್ಯ ಹೇಳದೆ ಮುಂದೆ ಹೋಗಲಾರೆ. 2016ರಲ್ಲಿ ಈ ಆಟಕ್ಕೆ ಬಂದ ಆರು ಪೊಟ್ಟಣಗಳ ಸರಣಿಗೆ ‘ಮುಂಬಾದ್’ ಎಂದು ಹೆಸರು. ಭವಿಷ್ಯದ ಭಾರತದ ಒಂದು ಮಹಾನಗರ ಅದು. ಮೊದಲ ಪೊಟ್ಟಣದ ಹೆಸರು ‘ಕಾಲಾ ಘೋಡಾ’, ಇನ್ನೊಂದರದು ‘ಸಾಲ್ಸೆಟ್ ಐಲಂಡ್’. ಅಂಧೇರಿಯಲ್ಲೋ ಬೊರಿವಲಿಯಲ್ಲೋ ಕೂತು ಇದನ್ನು ಓದುತ್ತಿದ್ದರೆ ನೀವೀಗ ಇರುವುದು ಆ ಸಾಲ್ಸೆಟ್ ಮೇಲೇ. ಅದೇ ಸರಣಿಯಲ್ಲಿ ‘ಮುಂಬಾದ್ ವರ್ಚುವಲ್ ಟೂರ್’ ಎಂಬ ಕಾರ್ಡಿದೆ. ಪ್ರವಾಸಿ ತಾಣದ ಗೈಡಿನ ಹಾಗೆ ದುಡ್ಡು ಕೀಳುವುದೇ ಅದರ ಕೆಲಸ: ಇದನ್ನು ಕಂಡ ರನ್ನರ್, ಸಾಧ್ಯವಿದ್ದರೆ, ಇದನ್ನು ಟ್ರ್ಯಾಷ್ ಮಾಡಲೇಬೇಕು.

‘ಸಾಧ್ಯವಿದ್ದರೆ’ ಎಂಬ ಆ ಒಂದು ಪದದ ಮೇಲೆ ನಾವು ಒಂದು ಇಡೀ ಸಂಜೆ ಕಳೆದಿದ್ದೇವೆ. ಕೈಯಲ್ಲಿ ದುಡ್ಡಿದ್ದರೆ ಸಾಧ್ಯ, ಅದು ಸರಿ. ದುಡ್ಡಿಲ್ಲ, ಆದರೆ ದುಡ್ಡಿಲ್ಲದೆಯೇ ಕಾರ್ಡು ಟ್ರ್ಯಾಷ್ ಮಾಡುವ ‘ಇಂಪ್’ ಎಂಬ ವೈರಸ್ ಇದೆ ಎನ್ನಿ. ಅದನ್ನು ಖರ್ಚು ಮಾಡಲೇಬೇಕೇ? ಎರಡೂ ಇದ್ದರೆ ಆಯ್ಕೆ ಯಾರದು? ಹಣ ತರಬಲ್ಲ ಇನ್ನೊಂದು ಕಾರ್ಡು ಮೇಜಿನ ಮೇಲಿದ್ದರೆ ಅದನ್ನು ಮುರಿಸಿಯಾದರೂ ತರಬೇಕೇ? ನಮ್ಮ ಮೇಜಿನ ಓದು ಹೀಗೆ: ದಾರಿ ಇದ್ದರೆ ಹಿಡಿಯಲೇಬೇಕು, ಎರಡು ದಾರಿ ಇದ್ದರೆ ಯಾವುದೆಂದು ರನ್ನರ್ ಆರಿಸಲಿ, ಇಲ್ಲದ ದಾರಿಯನ್ನು ಕಡಿದು ಮಾಡಬೇಕಾಗಿಲ್ಲ. ಸಾಲಗಾರ ಜೇಬಿನಲ್ಲಿದ್ದದ್ದನ್ನು ಕೊಡಬೇಕು, ಎತ್ತು ಮಾರಬೇಕಾಗಿಲ್ಲ. ಇನ್ನು ‘ಸಾಲ್ಸೆಟ್ ಸ್ಲಮ್ಸ್’ ಎಂಬ ರನ್ನರ್ ಕಾರ್ಡು, ಟ್ರ್ಯಾಷ್ ಬೆಲೆ ತೆತ್ತ ಕಾರ್ಡನ್ನು ಆರ್ಕೈವ್ಸ್‌ಗೆ ಕಳಿಸುವ ಬದಲು ಆಟದಿಂದಲೇ ಆಚೆ ಹಾಕುತ್ತದೆ. ಆಗ ‘ಟ್ರ್ಯಾಷ್ ಮಾಡಲೇಬೇಕು’ ಎಂಬ ಆಜ್ಞೆ ಪಾಲಿಸಿದಂತಾಯಿತೇ? ನಮ್ಮ ಗುಂಪಿನ ವಕೀಲರೊಬ್ಬರು ಅದರ ಮೇಲೆ ಅರ್ಧ ಗಂಟೆ ಮಾತಾಡಿದರು, ಪೋಹೆ ತಣ್ಣಗಾಯಿತು.

ಇದೆಲ್ಲ ಹೊಸದೂ ಅಲ್ಲ, ಪರದೇಶದ್ದೂ ಅಲ್ಲ. ಕಾರ್ಡಿನ ಮಾತಿಗೂ ನಿಯಮ ಪುಸ್ತಕಕ್ಕೂ ಜಗಳ ಬಂದರೆ ಕಾರ್ಡೇ ಗೆಲ್ಲುತ್ತದೆ ಎಂಬುದು ಇಂಥ ಆಟಗಳ ಚಿನ್ನದ ನಿಯಮ. ನಮ್ಮ ವ್ಯಾಕರಣಕಾರರು ಅದನ್ನೇ ಉತ್ಸರ್ಗ, ಅಪವಾದ ಎಂದರು. ಸಾಮಾನ್ಯ ನಿಯಮಕ್ಕಿಂತ ವಿಶೇಷ ನಿಯಮಕ್ಕೆ ಬಲ ಹೆಚ್ಚು. ಸಮಬಲದ ಎರಡು ನಿಯಮಗಳು ಡಿಕ್ಕಿ ಹೊಡೆದರೆ ಏನು ಮಾಡಬೇಕೆಂದು ಪಾಣಿನಿ ಒಂದು ಸೂತ್ರ ಬರೆದಿಟ್ಟ. ಅದರಲ್ಲಿ ‘ಪರ’ ಎಂದರೆ ಅಷ್ಟಾಧ್ಯಾಯಿಯ ಕ್ರಮದಲ್ಲಿ ಮುಂದೆ ಬರುವ ಸೂತ್ರ ಎಂದು ಕಾತ್ಯಾಯನನ ಕಾಲದಿಂದ ನಡೆದುಬಂದ ಅರ್ಥ. ಅಲ್ಲ, ಪದದ ಬಲಗಡೆಯ ಭಾಗಕ್ಕೆ ಹತ್ತುವ ಸೂತ್ರ ಎಂದು ಕೇಂಬ್ರಿಜ್‌ನಲ್ಲಿ ಸಂಶೋಧನೆ ಮಾಡಿದ ಋಷಿ ರಾಜ್‌ಪೋಪಟ್ ವಾದಿಸಿದ್ದು 2022ರಲ್ಲಿ ದೊಡ್ಡ ಸುದ್ದಿಯಾಯಿತು. ವಿದ್ವಾಂಸರಲ್ಲಿ ಅದರ ಬಗ್ಗೆ ಒಮ್ಮತವಿಲ್ಲ. ಬಿಕ್ಕಟ್ಟು ಬಿಡಿಸಲೆಂದು ಇಟ್ಟ ನಿಯಮದ ಮೇಲೆಯೇ ಎರಡು ಸಾವಿರ ವರ್ಷ ದಾಟಿದ ಮೇಲೂ ಬಿಕ್ಕಟ್ಟು! ನೆಟ್‌ರನ್ನರ್ ಮಾಡಿದವರ ಮೇಲೆ ನನಗಿದ್ದ ಸಿಟ್ಟು ಇದನ್ನು ಓದಿದ ಮೇಲೆ ಸ್ವಲ್ಪ ಇಳಿಯಿತು.

ಆದರೆ ಪಾಣಿನಿಯ ಸೂತ್ರಕ್ಕೂ ನಮ್ಮ ಮೇಜಿನ ನಿಯಮಕ್ಕೂ ಒಂದು ವ್ಯತ್ಯಾಸವಿದೆ. ಶಬ್ದಕ್ಕೆ ಅವಸರವಿಲ್ಲ, ಸಂಕೋಚವಿಲ್ಲ. ಮೂರನೆಯ ಸಲ ಬಂದ ಹುಡುಗಿಗೆ ಎರಡೂ ಇರುತ್ತವೆ. ನಿಯಮ ಸ್ಪಷ್ಟಪಡಿಸುವವರೆಲ್ಲ, ನಾನೂ ಸೇರಿ, ಈ ಕಾರ್ಡು ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಹಗಲು ರಾತ್ರಿ ಉತ್ತರ ಹುಡುಕುತ್ತೇವೆ. ನಾನು ಬಾಯಿ ತೆರೆಯಬಹುದಾದದ್ದು ಯಾವಾಗ ಎಂಬ ಪ್ರಶ್ನೆಗೆ ಪಟ್ಟಿ ತೋರಿಸಿ ಸುಮ್ಮನಾಗುತ್ತೇವೆ. ಆನ್‌ಲೈನಿನಲ್ಲಿ ಜಿಂಟೆಕಿ ಡಾಟ್ ನೆಟ್‌ನಲ್ಲಿ ಆಡಿದರೆ, ‘ನನ್ನದೇನೂ ಇಲ್ಲ’ ಎಂದು ಎದುರಿನವರೂ ಒಂದು ಬಟನ್ ಒತ್ತುವ ವ್ಯವಸ್ಥೆ ಇದೆ. ಯಂತ್ರಕ್ಕೆ ನಾಚಿಕೆ ಇಲ್ಲ, ಅದು ಕೇಳುತ್ತದೆ. ಮೇಜಿನಲ್ಲಿ ಕೇಳುವುದು ನಮ್ಮ ಕೆಲಸ. ಕೇಳಿದರೆ ಸುಳಿವು ಕೊಟ್ಟಂತಾಗುತ್ತದೆ ಎನ್ನುವ ಗೆಳೆಯನ ಆಕ್ಷೇಪಕ್ಕೆ ಉತ್ತರ ಸುಲಭ: ಪ್ರತಿ ಸಲವೂ ಕೇಳು, ಆಗ ಅದು ಸುಳಿವಾಗುವುದಿಲ್ಲ.

ದಸರೆಯ ಹೊತ್ತಿಗೆ ಅವಳಿಗೊಂದು ಮೆಸೇಜ್ ಬರೆದೆ. ಆವತ್ತಿನ ತೀರ್ಪು ತಪ್ಪು, ಹೀಗೆ ಹೀಗೆ, ಆಟ ಅಲ್ಲಿಗೆ ಮುಗಿದಿರಲಿಲ್ಲ ಎಂದು. ಉದ್ದವಾಯಿತು. ಅರ್ಧ ಅಳಿಸಿ ಕಳಿಸಿದೆ. ಎರಡು ದಿನ ಬಿಟ್ಟು ಉತ್ತರ ಬಂತು. ಕೆಲಸ ಬದಲಾಗಿ ಹೈದರಾಬಾದಿಗೆ ಹೋಗಿದ್ದಾಳಂತೆ, ಗುಂಪು ಬಿಟ್ಟದ್ದು ಅದಕ್ಕೂ ಹೌದು, ಆವತ್ತಿನದಕ್ಕೂ ಹೌದು ಎಂದಿದ್ದಳು. ಕೊನೆಯಲ್ಲಿ, ‘ಅಣ್ಣಾ, ಕಲೆಸಿದ್ರ ಆ ಅಜೆಂಡಾ ಮತ್ತ ಮ್ಯಾಲೇ ಬಂದಿದ್ರ?’ ಎಂದು ಕೇಳಿದ್ದಳು.

ಕಟ್ಟಿನಲ್ಲಿ ಎಷ್ಟು ಕಾರ್ಡು ಉಳಿದಿದ್ದವು ಎಂದು ನಾನೂ ಮರಾಠಿ ಗೆಳೆಯನೂ ಕೂತು ನೆನಪಿಸಿಕೊಂಡೆವು. ಅವನ ಪ್ರಕಾರ ಇಪ್ಪತ್ತು, ನನ್ನ ಪ್ರಕಾರ ಇನ್ನೂ ಹೆಚ್ಚು. ಅದರ ಮೇಲೂ ಜಗಳವಾಯಿತು. ಆವತ್ತಿನ ಆಟವನ್ನು ತಾನು ಗೆದ್ದಿದ್ದೇನೆಂದೇ ಅವನು ಈಗಲೂ ಹೇಳುವುದು. ಆದರೆ ಆರ್ಕೈವ್ಸ್‌ಗೆ ನುಗ್ಗುವ ಮುಂಚೆ ಈಗ ಅವನೂ ಮೇಜಿಗೆ ಬೆರಳಲ್ಲಿ ಎರಡು ಸಲ ಕುಟ್ಟಿ, ಎದುರಿನವರ ಮುಖ ನೋಡಿ ಕಾಯುತ್ತಾನೆ.